ಪುಕ್ಸಟ್ಟೆ ಆ್ಯಪ್, ದೇಣಿಗೆ ಸರ್ವರ್, ಐದು ಡಾಲರ್ ಬಾಡಿಗೆ: ಎಲ್ಲಾ ಕಡೆ ಇದ್ದು ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನೀಗ ಪುಟ್ಟ ಪುಟ್ಟ ಪೋಸ್ಟ್ ಹಾಕೋ ಮೈಕ್ರೋ.ಬ್ಲಾಗ್ ಅನ್ನೋ ಜಾಗಕ್ಕೆ ದುಡ್ಡು ಕಟ್ಕೊಂಡು ಅಲ್ಲೇ ಇದೀನಿ, ಸದ್ಯಕ್ಕೆ ಏಳೋ ಯೋಚನೆನೂ ಇಲ್ಲ. ಹಾಗಾಗಿ ನ್ಯಾಯಾಧೀಶರ ತೀರ್ಪು ಬೇಕಿದ್ದೋರು ಬೇರೆ ಕಡೆ ನೋಡಿ.

ನಂದು ದೊಡ್ಡ ಬರವಣಿಗೆ ಏನಲ್ಲ. ಅಜ್ಜಿ ಹೇಳ್ತಿದ್ದ ಒಗಟುಗಳನ್ನ ದಿನಕ್ಕೊಂದರಂತೆ ಹಾಕೋದು, "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ" ಅಂಥವು, ಕೆಳಗೆ ಯಾರಾದ್ರೂ ಮಲ್ಲಿಗೆ ಅಂತ ಬರೆಯೋದು, ಇನ್ಯಾರೋ ನಮ್ಮ ಕಡೆ ಇದನ್ನೇ ಬೇರೆ ಥರ ಹೇಳ್ತಾರೆ ಅಂತ ಸೇರಿಸೋದು. ಇದನ್ನೆಲ್ಲ ಒಂದು ಪುಟ್ಟ ಸ್ಟಾರ್ಟಪ್ ಆ್ಯಪ್‌ನಲ್ಲಿ ಹಾಕ್ತಿದ್ದೆ, ಹೆಸರು ಬೇಡ ಬಿಡಿ. ಅದು ಮುಚ್ತು. ಮುಚ್ತೀವಿ ಅಂತ ಕಳಿಸಿದ ಮೇಲ್ ನನ್ನ ಪ್ರಮೋಷನ್ಸ್ ಟ್ಯಾಬ್‌ನಲ್ಲಿ ಸೀರೆ ಸೇಲ್ ಮೇಲ್‌ಗಳ ಮಧ್ಯೆ ಬಿದ್ದಿತ್ತು, ನಾನು ನೋಡೋ ಹೊತ್ತಿಗೆ ಡೌನ್‌ಲೋಡ್ ಮಾಡ್ಕೊಳ್ಳೋ ಗಡುವು ಮುಗಿದು ಹನ್ನೊಂದು ದಿನ ಆಗಿತ್ತು. ಒಗಟುಗಳು ನನ್ನ ನೋಟ್‌ಬುಕ್‌ನಲ್ಲಿ ಇದ್ವು, ಪರವಾಗಿಲ್ಲ, ಆದ್ರೆ ಜನ ಬರೆದಿದ್ದ ಪಾಠಾಂತರಗಳು ಹೋದ್ವು. ಅವೇ ಅಸಲಿ ಆಸ್ತಿ ಆಗಿದ್ವು.

ಆಗಿಂದ ಒಂದು ಅಭ್ಯಾಸ ಬಂತು, ಹೊಸ ಜಾಗ ಸೇರೋ ಮುಂಚೆ ಫೀಚರ್ ನೋಡಲ್ಲ, ಇವರ ಮನೆ ಖರ್ಚು ಯಾರು ನೋಡ್ಕೊಳ್ತಿದಾರೆ ಅಂತ ನೋಡ್ತೀನಿ.

ಪುಕ್ಸಟ್ಟೆ ಸಾಲಿಗೆ ನಮ್ಮೂರಿನ ಉದಾಹರಣೆನೇ ಇದೆಯಲ್ಲ, ಟ್ವಿಟರ್ ಥರದ "ಕೂ" ಆ್ಯಪ್. 2020ರಲ್ಲಿ ಬೆಂಗಳೂರಿಂದ ಬಂತು, ಕನ್ನಡದಲ್ಲೇ ಶುರು ಮಾಡಿದ್ರು, ಅದೇ ವರ್ಷ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಚಾಲೆಂಜ್‌ನಲ್ಲಿ ಬಹುಮಾನನೂ ತಗೊಂಡ್ರು. ಟೈಗರ್ ಗ್ಲೋಬಲ್, ಆ್ಯಕ್ಸೆಲ್ ಥರದೋರು ದುಡ್ಡು ಹಾಕಿದ್ರು, 2022ರ ಕೊನೇಲಿ ಬ್ರೆಜಿಲ್‌ನೋರೂ ಗುಂಪುಗುಂಪಾಗಿ ಬಂದ್ರು. ಒಳ್ಳೇ ಕಾಲದಲ್ಲಿ ದಿನಕ್ಕೆ 21 ಲಕ್ಷ ಜನ ಬಳಸ್ತಿದ್ರು ಅಂತ ಸ್ಥಾಪಕರೇ ಹೇಳ್ಕೊಂಡಿದಾರೆ. ಆದ್ರೂ 2024ರ ಜುಲೈನಲ್ಲಿ ಬಾಗಿಲು ಹಾಕ್ಬೇಕಾಯ್ತು, ಯಾರಿಗಾದ್ರೂ ಮಾರೋಣ ಅಂತ ಮಾತಾಡಿದ್ದೂ ಕೈಗೂಡ್ಲಿಲ್ಲ. ಜನ ಬರ್ಲಿಲ್ಲ ಅನ್ನೋಹಾಗಿಲ್ಲ, ಬಂದ ಜನರಿಂದ ಕಾಸು ಹುಟ್ಟೋವರೆಗೆ ಸರ್ವರ್ ಬಿಲ್, ಸಂಬಳ ಕಟ್ತಾ ಕೂರೋಕೆ ಬೇರೆಯೋರ ದುಡ್ಡು ಬೇಕು, ಆ ದುಡ್ಡು ನಿಂತ ದಿನ ಆಟ ಮುಗೀತು.

ಬ್ಲೂಸ್ಕೈ ಅಂತ ಟ್ವಿಟರ್ ಥರದ್ದೇ ಇನ್ನೊಂದು, ಅಲ್ಲಿ ಆರು ತಿಂಗಳು ಇದ್ದೆ. ಚೆನ್ನಾಗಿದೆ, ಸುಳ್ಳು ಹೇಳಲ್ಲ. ಸ್ವಂತ ಡೊಮೈನನ್ನೇ, ಅಂದ್ರೆ ನಮ್ಮದೇ ವೆಬ್ ವಿಳಾಸನ, ಹೆಸರಾಗಿ ಇಟ್ಕೋಬೋದು ಅನ್ನೋದು ನಂಗೆ ತುಂಬಾ ಹಿಡಿಸ್ತು. ಜಾಹೀರಾತು ಇಲ್ಲ. ಆದ್ರೆ 2023ರಲ್ಲಿ 80 ಲಕ್ಷ ಡಾಲರ್, 2024ರ ಅಕ್ಟೋಬರ್‌ನಲ್ಲಿ ಇನ್ನೂ ಒಂದೂವರೆ ಕೋಟಿ ಡಾಲರ್ ಹೂಡಿಕೆ ಅಂತ ಓದಿದ ದಿನ ಹೊಟ್ಟೆಯಲ್ಲಿ ಸಣ್ಣಗೆ ತಳಮಳ ಶುರು ಆಯ್ತು. ಹಾಕಿದೋರು ಒಂದಿನ ವಾಪಸ್ ಕೇಳೇ ಕೇಳ್ತಾರಲ್ವಾ. ಬಿಸಿ ಹಾಲು ಕುಡಿದು ನಾಲಿಗೆ ಸುಟ್ಕೊಂಡೋಳು ನಾನು, ಮಜ್ಜಿಗೆನೂ ಊದ್ತೀನಿ.

ಮಾಸ್ಟಡಾನ್ ಅಂತ ಇದೇ ಥರದ ಇನ್ನೊಂದು ಜಾಲ, ಅದರದ್ದು ದುಡ್ಡಿನ ವಿಷಯದಲ್ಲಿ ಇದಕ್ಕೆ ಉಲ್ಟಾ. 2016ರಲ್ಲಿ ಜರ್ಮನಿಯ ಹುಡುಗನೊಬ್ಬ ಶುರು ಮಾಡಿದ್ದು, ಒಂದೇ ಕಂಪನಿ ಇಲ್ಲ, ಸಾವಿರಾರು ಸರ್ವರ್, ಒಂದೊಂದನ್ನ ಒಬ್ಬೊಬ್ಬರು ನಡೆಸ್ತಾರೆ, ಖರ್ಚು ಬಹುಪಾಲು ದೇಣಿಗೆಯಿಂದ. ನಮ್ಮೂರ ಗಣಪತಿ ಉತ್ಸವದ ಲೆಕ್ಕ ಅನ್ಕೊಳ್ಳಿ. ನಾನಿದ್ದ ಸರ್ವರ್ ನಡೆಸ್ತಿದ್ದೋರು ಪಾಪ ಒಬ್ಬರೇ, ಹಗಲು ಬೇರೆ ಕೆಲಸ, ರಾತ್ರಿ ಇದು. ಒಂದಿನ ಸುಸ್ತಾಗಿದೀನಿ, ಮೂರು ತಿಂಗಳಲ್ಲಿ ಮುಚ್ತೀನಿ ಅಂತ ಬರೆದ್ರು. ಅಷ್ಟು ಟೈಮ್ ಕೊಟ್ಟಿದ್ದೇ ದೊಡ್ಡದು, ಮರ್ಯಾದಸ್ಥರು. ಬೇರೆ ಸರ್ವರ್‌ಗೆ ಹೋದೆ, ಫಾಲೋವರ್‌ಗಳು ನನ್ನ ಜೊತೆ ಬಂದ್ರು, ಹಳೇ ಪೋಸ್ಟ್‌ಗಳು ಮಾತ್ರ ಬರಲ್ಲ, ಆ ವ್ಯವಸ್ಥೆ ಇರೋದೇ ಹಾಗೆ. ಮನೆ ಬದಲಾಯಿಸಿದಾಗ ನೆಂಟರೆಲ್ಲ ಬಂದು ಅಟ್ಟದ ಮೇಲಿನ ಟ್ರಂಕ್ ಅಲ್ಲೇ ಉಳಿದಂಗೆ.

ಮೈಕ್ರೋ.ಬ್ಲಾಗ್ ವಿಷಯ ಸರಳ. 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಹತ್ರ ದುಡ್ಡು ಎತ್ತಿ ಶುರು ಮಾಡಿದ್ದು, ನಾನು ಸೇರಿದಾಗ ತಿಂಗಳಿಗೆ 5 ಡಾಲರ್. ಲೈಕ್ ಎಷ್ಟು, ಫಾಲೋವರ್ ಎಷ್ಟು ಅಂತ ತೋರಿಸೋದೇ ಇಲ್ಲ, ನಿಮ್ಮನ್ನ ಗಂಟೆಗಟ್ಟಲೆ ಕೂರಿಸ್ಕೊಂಡು ಅವರಿಗೇನೂ ಆಗಬೇಕಿಲ್ಲ ನೋಡಿ. ಪೋಸ್ಟ್‌ಗಳು ನನ್ನ ಡೊಮೈನ್‌ನಲ್ಲೇ ಇರ್ತವೆ. ಮಾಸ್ಟಡಾನ್‌ನೋರೂ ಅಲ್ಲಿಂದಲೇ ಫಾಲೋ ಮಾಡ್ಬೋದು.

ಈಗ ಆ ಒಂದು ತಲೆನೋವಿಗೆ ಬರ್ತೀನಿ, ದುಡ್ಡು ಕೊಡೋದು. ಕೊಡೋಕೆ ಮನಸ್ಸಿದೆ, ಅಕೌಂಟ್‌ನಲ್ಲಿ ದುಡ್ಡಿದೆ, ಆದ್ರೂ ಕೊಡೋಕಾಗಲ್ಲ ಅಂದ್ರೆ ನಂಬ್ತೀರಾ? ಮೊದಲನೇ ಸಲ ಡೆಬಿಟ್ ಕಾರ್ಡ್ ಹಾಕಿದೆ, ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆಫ್ ಇತ್ತು, ಆನ್ ಮಾಡಿದೆ, ಹೋಯ್ತು. ಖುಷಿ. ಮುಂದಿನ ತಿಂಗಳು ಡಿಕ್ಲೈನ್ಡ್ ಅಂತ ಮೇಲ್. ಬ್ಯಾಲೆನ್ಸ್ ನೋಡಿದೆ, ಇದೆ. ಬ್ಯಾಂಕ್‌ಗೆ ಫೋನ್ ಮಾಡಿದೆ, ನಾಲ್ಕು ಒತ್ತಿ ಆರು ಒತ್ತಿ ಆದ್ಮೇಲೆ ಸಿಕ್ಕಿದ ಹುಡುಗ ನಮ್ಮ ಕಡೆ ಏನೂ ತೊಂದ್ರೆ ಇಲ್ಲ ಮೇಡಂ, ಆ ಕಂಪನಿಯೋರನ್ನೇ ಕೇಳಿ ಅಂದ. ಬ್ರಾಂಚಿಗೆ ಹೋದೆ, ಕೌಂಟರ್‌ನಲ್ಲಿದ್ದ ಮೇಡಂ ಐದು ಡಾಲರ್ ಯಾತಕ್ಕೆ ಅಂತ ಕೇಳಿದ್ರು, ಒಗಟು ಹಾಕೋಕೆ ಅಂದೆ, ನನ್ನ ಮುಖ ಒಂದ್ಸಲ ನೋಡಿದ್ರು ಅಷ್ಟೇ.

ಕೊನೆಗೆ ಅರ್ಥ ಆಗಿದ್ದು ಏನಂದ್ರೆ, 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಕಾರ್ಡಿಂದ ತಿಂಗಳು ತಿಂಗಳು ತಾನಾಗೇ ಕಟ್ ಆಗೋ ದುಡ್ಡಿಗೆ ಇ-ಮ್ಯಾಂಡೇಟ್, ಅಂದ್ರೆ ನಮ್ಮ ಒಪ್ಪಿಗೆ, ಮೊದ್ಲೇ ನೋಂದಾಯಿಸಿರಬೇಕು, ಕಟ್ ಮಾಡೋ 24 ಗಂಟೆ ಮುಂಚೆ ನಮಗೆ ತಿಳಿಸ್ಬೇಕು. ನಿಯಮ ಒಳ್ಳೇದೇ, ನಮ್ಮಮ್ಮನ ಅಕೌಂಟಿಂದ ಯಾವುದೋ ಆ್ಯಪ್ ಸುಮ್ಮನೆ ಕಟ್ ಮಾಡ್ಕೊಳ್ತಿದ್ದಿದ್ದು ನೋಡಿದೀನಿ. ಆದ್ರೆ ನನ್ನ ಬ್ಯಾಂಕ್‌ನಲ್ಲಿ ಈ ಪೇಮೆಂಟ್‌ಗೆ ಮ್ಯಾಂಡೇಟ್ ಆಗ್ತಾನೇ ಇರ್ಲಿಲ್ಲ. ಎರಡು ತಿಂಗಳು ಭಾವನ ಕ್ರೆಡಿಟ್ ಕಾರ್ಡ್ ಬೇಡಿದೆ, ಭಾವ ಕೊಟ್ರು, ಅಕ್ಕ ಪ್ರತೀ ಸಲ ಊಟಕ್ಕೆ ಕೂತಾಗ "ಏನಮ್ಮ ನಿನ್ನ ಡಾಲರ್ ವ್ಯವಹಾರ" ಅನ್ನೋಳು. ಆಮೇಲೆ ಒಂದು ವರ್ಷದ್ದು ಒಂದೇ ಸಲ ಕಟ್ಟಿದೆ, ತಿಂಗಳ ಕಾಟ ತಪ್ತು. ಫಾರೆಕ್ಸ್ ಮಾರ್ಕಪ್ ಅಂತ, ಅಂದ್ರೆ ಡಾಲರ್‌ನಲ್ಲಿ ಕಟ್ಟಿದ್ದಕ್ಕೆ ಮೇಲಿನ ಶುಲ್ಕ, ಬ್ಯಾಂಕ್ ಬೇರೆ ಸ್ವಲ್ಪ ಕಿತ್ಕೊಳ್ತು, ಅದನ್ನ ಲೆಕ್ಕಕ್ಕೆ ಸೇರಿಸ್ಕೊಳ್ಳಿ.

ಇದನ್ನ ಇಷ್ಟು ಉದ್ದ ಯಾಕೆ ಎಳೆದೆ ಅಂದ್ರೆ, ಜನ ದುಡ್ಡು ಕೊಡಲ್ಲ ಕೊಡಲ್ಲ ಅಂತಾರಲ್ಲ, ಕೊಡೋ ದಾರಿನೂ ಇಷ್ಟು ಮುಳ್ಳಿಂದು. ವಾಟ್ಸ್ಆ್ಯಪ್ ಹಿಂದೆ ವರ್ಷಕ್ಕೆ ಒಂದು ಡಾಲರ್ ಅಂತಿತ್ತು ನೆನಪಿದ್ಯಾ, 2016ರ ಜನವರೀಲಿ ತೆಗೆದಾಗ ಅವರು ಕೊಟ್ಟ ಕಾರಣನೇ ಎಷ್ಟೋ ಜನರ ಹತ್ರ ಕಾರ್ಡ್ ಇಲ್ಲ ಅಂತ. ಅವರ ಬೆನ್ನಿಗೆ ಮಾಲೀಕ ಕಂಪನಿ ಫೇಸ್‌ಬುಕ್ ಇತ್ತು, ತಡ್ಕೊಂಡ್ರು. ಚಿಕ್ಕೋರು ಏನ್ಮಾಡ್ಬೇಕು?

ದುಡ್ಡು ತಗೊಂಡ ಮಾತ್ರಕ್ಕೆ ಉಳೀತಾರೆ ಅಂತನೂ ಅಲ್ಲ. ಆ್ಯಪ್.ನೆಟ್ ಅಂತ ಟ್ವಿಟರ್ ಥರದ್ದೇ ಒಂದಿತ್ತು, 2012ರಲ್ಲಿ ವರ್ಷಕ್ಕೆ 50 ಡಾಲರ್, ಜಾಹೀರಾತು ಬೇಡ ಅಂದ ಜನರಿಂದಲೇ 5 ಲಕ್ಷ ಡಾಲರ್ ಗುರಿ ಇಟ್ಟು 8 ಲಕ್ಷ ಡಾಲರ್ ಎತ್ತಿದ್ರು. ಎರಡು ವರ್ಷ ಆಗೋಷ್ಟರಲ್ಲಿ ರಿನ್ಯೂ ಮಾಡೋರು ಸಾಕಾಗ್ಲಿಲ್ಲ, ಫುಲ್ ಟೈಮ್ ಕೆಲಸದೋರನ್ನೆಲ್ಲ ಬಿಟ್ರು, 2017ರಲ್ಲಿ ಮುಚ್ಚೇಬಿಟ್ರು. ನನ್ನ ಈಗಿನ ಜಾಗನೂ ನಾಳೆ ಹಾಗೇ ಆಗ್ಬೋದು. ಆದ್ರೆ ಡೊಮೈನ್ ನಂದು, ಬರೆದಿದ್ದನ್ನೆಲ್ಲ ತಿಂಗಳಿಗೊಂದ್ಸಲ ಇಳಿಸಿ ಪೆನ್‌ಡ್ರೈವ್‌ಗೆ ಹಾಕ್ಕೊಳ್ತೀನಿ, ಬೇರೆ ಕಡೆ ಹೋಗಿ ಅದೇ ವಿಳಾಸದಲ್ಲಿ ಅಂಗಡಿ ತೆಗೀತೀನಿ.

ನಿಮಗೆ ಜನ ಬೇಕು, ಗಲಾಟೆ ಬೇಕು ಅಂದ್ರೆ ಬ್ಲೂಸ್ಕೈಗೆ ಹೋಗಿ. ಒಂದು ಪೈಸೆನೂ ಕೊಡೋ ಸ್ಥಿತಿ ಇಲ್ದಿದ್ರೆ ಮಾಸ್ಟಡಾನ್, ನಡೆಸೋರು ಇಬ್ಬರು ಮೂವರಾದ್ರೂ ಇರೋ ಸರ್ವರ್ ನೋಡ್ಕೊಳ್ಳಿ, ಕೈಲಾದಾಗ ಅವರಿಗೆ ಏನಾದ್ರೂ ಕೊಡಿ. ನಾನು ಮನೇಲಿ ಯಾರೂ ನೋಡದ ಒಂದು ಓಟಿಟಿ ಕಟ್ ಮಾಡಿ ಇದಕ್ಕೆ ಹೊಂದಿಸಿದೀನಿ. ಓದೋರು ಮೊದಲಿನ ಕಾಲು ಭಾಗ ಇದಾರೆ, ಪಾಠಾಂತರ ಕಳಿಸೋರು ಮಾತ್ರ ನಿಧಾನಕ್ಕೆ ವಾಪಸ್ ಬರ್ತಿದಾರೆ, ಈ ಸಲ ಅವರು ಬರೆದಿದ್ದನ್ನ ಅವತ್ತೇ ನೋಟ್‌ಬುಕ್‌ಗೆ ಇಳಿಸ್ತೀನಿ. ರಿನ್ಯೂವಲ್ ಮಾರ್ಚ್‌ನಲ್ಲಿದೆ, ಕಾರ್ಡ್ ಎಕ್ಸ್‌ಪೈರಿ ಜನವರಿಗೆ, ಅಂದ್ರೆ ಇನ್ನೊಂದ್ಸಲ ಆ ಕೌಂಟರ್ ಮೇಡಂ ಮುಂದೆ ನಿಲ್ಬೇಕು.