ಹಳೇ ಮಾರುತಿಯ ಬ್ರೇಕ್ ಜಾಮ್: ಮಾಡಿ ನೋಡಿದ ಮೂರು ದಾರಿ

ನಮ್ಮದು 2004ರ ಮಾರುತಿ 800. ಹೋದ ಬೇಸಿಗೆಯಲ್ಲಿ ಕಲಬುರಗಿಯಿಂದ ಹುಮನಾಬಾದ್ ರಸ್ತೆಗೆ ಇಳಿದಾಗ ಗಾಡಿ ಎಡಕ್ಕೆ ಎಳೆಯಿತು. "ಗಾಡಿ ಯಾಕೋ ಜಗ್ಗಲತ್ತದ ನೋಡು" ಅಂದರು ಪಕ್ಕದಲ್ಲಿದ್ದ ಅಪ್ಪ. ಬ್ರೇಕಿನಿಂದ ಕಾಲು ತೆಗೆದ ಮೇಲೂ ಎಳೆತ ನಿಲ್ಲಲಿಲ್ಲ.

ಮೊದಲ ದಾರಿ, ಅಂದಾಜಿನ ಮೇಲೆ ಸಾಮಾನು ಬದಲಿಸುವುದು. ಗ್ಯಾರೇಜಿನಲ್ಲಿ "ಪ್ಯಾಡ್ ಹೋಗ್ಯಾವ್ರಿ" ಅಂದರು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಅದುಮಿ ನಿಲ್ಲಿಸುವ ಪಟ್ಟಿಗಳು ಅವು, ಹೊಸವು ಹಾಕಿಸಿದೆ. ವಾರದೊಳಗೆ ಮತ್ತೆ ಅದೇ ಕಥೆ. ಬಿಚ್ಚಿದ ಹಳೇ ಪ್ಯಾಡುಗಳನ್ನು ಮನೆಗೆ ತಂದು ನೋಡಿದರೆ, ಎಡಗಡೆಯವು ಬಲಗಡೆಯವಕ್ಕಿಂತ ಜಾಸ್ತಿ ಸವೆದಿದ್ದವು. ಎಡ ಚಕ್ರ ಸದಾ ಹಿಡಿದುಕೊಂಡೇ ಇತ್ತು ಅಂತ ಅವೇ ಹೇಳುತ್ತಿದ್ದವು. ಹಾಕಿಸುವ ಮುಂಚೆ ಅವನ್ನು ಅಕ್ಕಪಕ್ಕ ಇಟ್ಟು ನೋಡಬೇಕಿತ್ತು.

ಎರಡನೆಯದು, ಬಿಸಿ ನೋಡುವುದು. ರಿಂಗ್ ರೋಡಿನಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಒತ್ತಿ ನಿಲ್ಲಿಸಿದೆ. ಅಂಗೈ ಬೇಡ, ಕೈಯ ಹಿಂಬದಿಯನ್ನು ರಿಮ್ಮಿನ ಹತ್ತಿರ ಹಿಡಿಯಬೇಕು. ಮುಟ್ಟಬಾರದು, ಸುಡುತ್ತದೆ. ಮುಂದಿನ ಎಡ ಚಕ್ರದ ಹತ್ತಿರ ಕೈ ನಿಲ್ಲಲಿಲ್ಲ, ಬಲಗಡೆ ಬರೀ ಬೆಚ್ಚಗಿತ್ತು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಬೇರೆ ಥರದ ಡ್ರಮ್ ಬ್ರೇಕ್ ಇರುವುದರಿಂದ ಮುಂದಿನದನ್ನು ಹಿಂದಿನದಕ್ಕೆ ಹೋಲಿಸಬೇಡಿ, ಎಡಕ್ಕೆ ಬಲವನ್ನೇ ಹೋಲಿಸಿ. ನಮ್ಮ ಊರಿನವರಿಗೆ ಇನ್ನೊಂದು ಮಾತು: ಇದನ್ನು ಬೆಳಗ್ಗೆ ಬೇಗ ಮಾಡಿ. ಸಂಜೆ ಮಾಡಿದಾಗ ಪಡುವಣ ಬಿಸಿಲಿಗೇ ಒಂದು ಬದಿ ಕಾದು ನನಗೆ ಗೊಂದಲವಾಗಿತ್ತು. ಮುಟ್ಟದೆಯೇ ಬಿಸಿ ಅಳೆಯುವ ಗೆಳೆಯನ ಟೆಂಪರೇಚರ್ ಗನ್ನಿನಿಂದಲೂ ನೋಡಿದೆ. ಹೊಳೆಯುವ ಡಿಸ್ಕಿಗೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ, ಕಪ್ಪು ರಿಮ್ಮಿಗೆ ಹಿಡಿದರೆ ನಂಬಬಹುದು. ಖರ್ಚಿಲ್ಲದ ಒಳ್ಳೆ ದಾರಿ ಇದು. ಆದರೆ ಯಾವ ಚಕ್ರ ಅಂತ ಗೊತ್ತಾಗುತ್ತದೆ, ಯಾಕೆ ಅಂತ ಗೊತ್ತಾಗುವುದಿಲ್ಲ.

ಅದಕ್ಕೆ ಮೂರನೆಯದು ಬೇಕು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮೇಲು. ಅಂಗಳದ ಶಹಾಬಾದ್ ಕಲ್ಲು ನುಣುಪು, ಜಾಕ್ ಜಾರಬಾರದೆಂದು ಕೆಳಗೆ ಹಲಗೆ ಇಟ್ಟೆ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎಡ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಕೈ ಹಾಕಬೇಡಿ. ತಮ್ಮ ಪೆಡಲ್ ಒತ್ತಿ ಬಿಟ್ಟ. ಚಕ್ರ ತಿರುಗಲಿಲ್ಲ. ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಹೋಸಿಗಿಂತ ಮೊದಲಿರುವ ಲೋಹದ ಪೈಪಿನ ನಟ್ಟು ತುಸು ಸಡಿಲಿಸಿದೆ, ಆಗಲೂ ಬಿಡಲಿಲ್ಲ. ಅಂದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಡೆಯಿಂದ ಒತ್ತಡ ಇಲ್ಲ. ನಟ್ಟು ಬಿಗಿಮಾಡಿ, ಪ್ಯಾಡುಗಳನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರಿನ ನಿಪ್ಪಲ್, ಅಂದರೆ ಆಯಿಲ್ ಹೊರಬಿಡುವ ತಿರುಪು, ಕಾಲು ಸುತ್ತು ಬಿಚ್ಚಿದೆ. ಚಿರ್ರೆಂದು ಕಪ್ಪಗಿನ ಬ್ರೇಕ್ ಆಯಿಲ್ ಹಾರಿತು, ಚಕ್ರ ಸಲೀಸಾಗಿ ತಿರುಗಿತು! ನಡುವಿನ ಹೋಸೇ ಕಟ್ಟಿಕೊಂಡಿತ್ತು. ನಿಪ್ಪಲ್ ಬಿಚ್ಚಿದರೂ ಜಾಮ್ ಹಾಗೇ ಇದ್ದಿದ್ದರೆ ಪ್ಯಾಡ್ ತಳ್ಳುವ ಪಿಸ್ಟನ್ ಅಥವಾ ಕ್ಯಾಲಿಪರ್ ಜಾರುವ ಪಿನ್ ನೋಡಬೇಕಾಗುತ್ತಿತ್ತು. ಆಯಿಲ್ ಬಣ್ಣ ತಿನ್ನುತ್ತದೆ, ಬಿದ್ದ ಕಡೆ ಕೂಡಲೇ ನೀರು ಹಾಕಿ.

ಕೆಲವರು ಹೋಸನ್ನು ಪ್ಲೈಯರಿನಿಂದ ಅದುಮಿ ಪರೀಕ್ಷಿಸುತ್ತಾರೆ. ಇಪ್ಪತ್ತು ವರ್ಷದ ರಬ್ಬರಿಗೆ ಆ ಶಿಕ್ಷೆ ಬೇಡ.

ಎರಡೂ ಕಡೆ ಹೊಸ ಹೋಸ್, ಹೊಸ ಆಯಿಲ್ ಹಾಕಿ ಬ್ಲೀಡಿಂಗ್, ಅಂದರೆ ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ, ಮಾಡಿಸಿದೆ. ಹಳೇ ಹೋಸನ್ನು ಸೀಳಿ ನೋಡಿದೆ. ಹೊರಗೆ ಒಂದು ಬಿರುಕೂ ಇಲ್ಲ. ಒಳಗಿನ ರಬ್ಬರ್ ಉಬ್ಬಿ, ಸೂಜಿ ತೂರುವಷ್ಟೇ ದಾರಿ ಉಳಿದಿತ್ತು. ಪೆಡಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತಿತ್ತು, ವಾಪಸ್ ಬರಲು ಆಗುತ್ತಿರಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ರಿಂಗ್ ರೋಡ್ ಸುತ್ತಿ ಬಂದು ಎರಡೂ ರಿಮ್ಮಿನ ಹತ್ತಿರ ಕೈ ಹಿಡಿದೆ. ಎರಡೂ ಕಡೆ ಒಂದೇ ಬಿಸಿ.