ಹಳೇ ಫೋನೇ, ಕೆಲಸ ಮಾತ್ರ ಜಾಸ್ತಿ: ಸಕಲೇಶಪುರದ ತೋಟದಿಂದ ಒಂದು ವಿಮರ್ಶೆ

2019ರಲ್ಲಿ ಕೊಂಡ ಆಂಡ್ರಾಯ್ಡ್ ಫೋನನ್ನೇ ಇನ್ನೂ ಬಳಸುತ್ತಿದ್ದೇನೆ. ಮಧ್ಯಮ ದರದ್ದು. ಬ್ಯಾಟರಿ ಒಮ್ಮೆ ಬದಲಾಯಿಸಿದ್ದೇನೆ. ಕ್ಯಾಮೆರಾ, ಗೇಮ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಅದು ಅವರಿಗೇ ಇರಲಿ. ಹಾನುಬಾಳು ಕಡೆ ನಮ್ಮದು ಸಣ್ಣ ಕಾಫಿ ತೋಟ, ಅಲ್ಲಿ ಇದು ಯಾವುದಕ್ಕೆ ಉಪಯೋಗಕ್ಕೆ ಬಂತು ಅಂತಷ್ಟೇ ಹೇಳುತ್ತೇನೆ. ಕೊಂಡ ದಿನ ಮಾಡದಿದ್ದ ಎಷ್ಟೋ ಕೆಲಸವನ್ನು ಇದು ಇವತ್ತು ಮಾಡುತ್ತಿದೆ. ನನಗೆ ಇದರಲ್ಲಿ ತುಂಬಾ ಖುಷಿ ಕೊಟ್ಟಿದ್ದು ಅದೇ.

ಮೊದಲು ಸಿಗ್ನಲ್. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಣದ ಒಂದು ಮೂಲೆಗೆ ಹೋಗಿ ನಿಂತರೆ ಮಾತ್ರ ಕಾಲ್ ಸಿಗುತ್ತಿತ್ತು, ಮಳೆಗಾಲದಲ್ಲಿ ಕರೆಂಟ್ ಹೋದರೆ ಅದೂ ಇಲ್ಲ. ಆಮೇಲೆ ಮನೆಗೆ ಕೇಬಲ್ ಇಂಟರ್ನೆಟ್ ಬಂತು. 2019ರ ಕೊನೆ, 2020ರ ಶುರುವಿನಲ್ಲಿ ಏರ್‌ಟೆಲ್, ಜಿಯೊ ವೈಫೈ ಕಾಲಿಂಗ್ ತಂದವು, ನನ್ನ ಫೋನಿಗೆ ಅದು ಒಂದು ಅಪ್‌ಡೇಟ್ ಜೊತೆ ಬಂತು. ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದರೆ ಸಾಕು, ಟವರ್ ಇಲ್ಲದಿದ್ದರೂ ಅಡುಗೆಮನೆಯಲ್ಲಿ ಕೂತು ನಮ್ಮ ಮಾಮೂಲಿ ನಂಬರಿನಿಂದಲೇ ಮಾತಾಡಬಹುದು. ಮನೆಯಲ್ಲಿ ವೈಫೈ ಇದ್ದೂ ಸಿಗ್ನಲ್‌ಗೆ ಒದ್ದಾಡುವವರು ಇವತ್ತೇ ಹುಡುಕಿ ನೋಡಿ. ರೂಟರಿಗೆ ಒಂದು ಸಣ್ಣ ಯುಪಿಎಸ್ ಮಾತ್ರ ಬೇಕೇ ಬೇಕು.

ನನ್ನ ಪಾಲಿಗೆ ಎಲ್ಲಕ್ಕಿಂತ ದೊಡ್ಡದು ಆನೆ ಸುದ್ದಿ. ಸಕಲೇಶಪುರ, ಆಲೂರು, ಬೇಲೂರು ಕಡೆ ಬೆಳಿಗ್ಗೆ ಮಂಜಿನಲ್ಲಿ ಕೆಲಸದವರು ತೋಟಕ್ಕೆ ಇಳಿಯುವಾಗ ನಾಲ್ಕು ಸಾಲು ಆಚೆ ನಿಂತ ಆನೆ ಕಾಣುವುದೇ ಇಲ್ಲ, ಹಾಗೆ ಜೀವ ಕಳೆದುಕೊಂಡವರು ಎಷ್ಟೋ ಜನ. ಈಗ ಅರಣ್ಯ ಇಲಾಖೆಯವರು, ಆನೆ ಕಾರ್ಯಪಡೆಯವರು ಹಿಂಡು ಎಲ್ಲಿದೆ ಅಂತ ಜಾಡು ಹಿಡಿದು ತಿಳಿಸುತ್ತಾರೆ. ಕೆಲವು ಆನೆಗಳಿಗೆ ರೇಡಿಯೊ ಕಾಲರ್ ಕೂಡ ಇದೆ. ಆ ಸುದ್ದಿ ನಮ್ಮ ಊರಿನ ವಾಟ್ಸಾಪ್ ಗುಂಪಿಗೆ ಬಂದ ಕೂಡಲೇ ಅಕ್ಕಪಕ್ಕದವರು ತಾವು ಕಂಡಿದ್ದನ್ನೂ ಸೇರಿಸುತ್ತಾರೆ. ಈಗ ಕೆರೆ ದಾಟಿತು, ಶಾಲೆ ರಸ್ತೆಗೆ ಮಕ್ಕಳನ್ನ ಬಿಡಬೇಡಿ, ಹೀಗೆ. ಮಾತಾಡಿಯೇ ಕಳಿಸಬಹುದಾದ್ದರಿಂದ ಓದಲು ಬಾರದವರಿಗೂ ವಿಷಯ ಮುಟ್ಟುತ್ತದೆ. ಕೆಲಸದವರನ್ನು ಯಾವ ಕಡೆಗೆ ಕಳಿಸಬೇಕು ಅನ್ನುವುದನ್ನು ನಾನು ಇದನ್ನು ನೋಡದೆ ತೀರ್ಮಾನ ಮಾಡುವುದೇ ಇಲ್ಲ. ತೊಂದರೆ ಅಂದರೆ ಹಳೇ ವಿಡಿಯೊ, ಬೇರೆ ಜಿಲ್ಲೆಯ ವಿಡಿಯೊ ಫಾರ್ವರ್ಡ್ ಮಾಡುವುದು. ಅದು ನಿಜವಾಗಿ ಅಪಾಯ, ಜನ ಹೆದರಿ ತಪ್ಪು ದಾರಿ ಹಿಡಿಯುತ್ತಾರೆ. ಜಾಗ, ಹೊತ್ತು ಎರಡೂ ಹೇಳದೆ ಯಾರೂ ಏನೂ ಹಾಕಬಾರದು ಅಂತ ನಮ್ಮ ಗುಂಪಿನಲ್ಲಿ ಈಗ ಮಾಡಿಕೊಂಡಿದ್ದೇವೆ.

ಹವಾಮಾನದ ಆ್ಯಪ್‌ಗಳಿಗೆ ಪೂರ್ತಿ ಅಂಕ ಕೊಡಲಾರೆ. ಘಟ್ಟದ ಅಂಚಿನಲ್ಲಿ ಈ ಗುಡ್ಡಕ್ಕೆ ಮಳೆ, ಪಕ್ಕದ ಗುಡ್ಡಕ್ಕೆ ಬಿಸಿಲು. ಆ್ಯಪ್ ಒಂದೊಂದು ಸಲ ಲೆಕ್ಕ ಹಾಕುವ ಪ್ರದೇಶವೇ ಅದಕ್ಕಿಂತ ದೊಡ್ಡದು, ಹಾಗಾಗಿ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ ಅಂತ ಇದನ್ನೇ ನಂಬಿ ಸ್ಪ್ರಿಂಕ್ಲರ್ ನಿಲ್ಲಿಸುವ ಧೈರ್ಯ ನನಗಿಲ್ಲ. ಆದರೆ ಕಣದಲ್ಲಿ ಕಾಫಿ ಹರಡಿರುವಾಗ ಉಪಗ್ರಹದ ಚಿತ್ರದಲ್ಲಿ ಮೋಡ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಿ ಟಾರ್ಪಾಲ್ ಎಳೆಯುವುದು ರೂಢಿಯಾಗಿದೆ. ದಾಮಿನಿ ಆ್ಯಪ್ ಬಗ್ಗೆ ಮಾತ್ರ ಎರಡು ಮಾತಿಲ್ಲ. ಪುಣೆಯ ಐಐಟಿಎಂ ಅನ್ನುವ ಹವಾಮಾನ ಸಂಶೋಧನಾ ಸಂಸ್ಥೆಯವರು ಮಾಡಿದ್ದು, ನಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಹೊಡೆಯುತ್ತಿದ್ದರೆ ತೋರಿಸುತ್ತದೆ. ಮರಗಸಿ ಮಾಡುವವರು, ಅಂದರೆ ನೆರಳು ಮರಗಳ ಕೊಂಬೆ ಕಡಿಯುವವರು, ಅಲ್ಯೂಮಿನಿಯಂ ಏಣಿ ಹಾಕಿಕೊಂಡು ಮರದ ಮೇಲಿರುತ್ತಾರೆ. ಅವರನ್ನು ಹೊತ್ತಿಗೆ ಮುಂಚೆ ಇಳಿಸುವುದಕ್ಕೆ ಇಷ್ಟು ಸುಲಭದ ದಾರಿ ಹಿಂದೆ ಎಲ್ಲಿತ್ತು, ಅಲ್ವಾ?

ಬಟವಾಡೆಯೂ ಬದಲಾಗಿದೆ. ಯುಪಿಐ ಶುರುವಾಗಿದ್ದು 2016ರಲ್ಲಿ, ನಮ್ಮ ತೋಟಕ್ಕೆ ನಿಧಾನವಾಗಿ ಬಂತು. ಅಸ್ಸಾಂನಿಂದ ಬಂದು ಕಾಫಿ ಕೊಯ್ಯುವವರು ಕೂಲಿ ಕೈಗೆ ಬಂದ ಕ್ಷಣವೇ ಊರಲ್ಲಿರುವ ತಾಯಿಗೆ ಕಳಿಸುತ್ತಾರೆ. ಮೊದಲಾದರೆ ಸೀಸನ್ ಮುಗಿಯುವವರೆಗೆ ದುಡ್ಡು ಜೇಬಲ್ಲಿ ಇಟ್ಟುಕೊಂಡು ಭಯದಲ್ಲಿ ಇರಬೇಕಿತ್ತು. 2022ರಲ್ಲಿ ಗೂಗಲ್ ಅನುವಾದಕ್ಕೆ ಅಸ್ಸಾಮಿಯೂ ಸೇರಿತು. ಲೆಕ್ಕದಲ್ಲಿ ಗೊಂದಲ ಬಂದರೆ ನಾನು ಕನ್ನಡದಲ್ಲಿ ಹೇಳುತ್ತೇನೆ, ಅವರು ತಮ್ಮ ಲಿಪಿಯಲ್ಲಿ ಓದುತ್ತಾರೆ. ಭಾಷೆ ಒರಟಾಗಿರುತ್ತದೆ, ಆದರೆ ಕಿಲೋ ಎಷ್ಟು, ರೂಪಾಯಿ ಎಷ್ಟು ಅನ್ನುವುದು ಇಬ್ಬರಿಗೂ ತಿಳಿಯುತ್ತದೆ.

ಅವ್ವನ ವಿಷಯವನ್ನೂ ಹೇಳಲೇಬೇಕು. ಕೀಬೋರ್ಡಿನ ಅಕ್ಷರ ಹುಡುಕುವುದು ಅವರಿಗೆ ಆಗದ ಕೆಲಸ. ಕನ್ನಡದಲ್ಲಿ ಮಾತಾಡಿದರೆ ತಾನೇ ಬರೆದುಕೊಳ್ಳುವ ಸೌಲಭ್ಯವನ್ನು ಗೂಗಲ್ 2017ರಲ್ಲೇ ಕೊಟ್ಟಿತ್ತು. ಶುರುವಿನಲ್ಲಿ ನಮ್ಮ ಹಾಸನದ ಮಾತು ಅದಕ್ಕೆ ಅಷ್ಟಾಗಿ ಹಿಡಿಯುತ್ತಿರಲಿಲ್ಲ, ವರ್ಷದಿಂದ ವರ್ಷಕ್ಕೆ ಸುಧಾರಿಸಿದೆ. ಈಗ ಅವ್ವ ಅಕ್ಕನಿಗೆ ಉದ್ದುದ್ದ ಪತ್ರದ ಹಾಗೆ ಸಂದೇಶ ಕಳಿಸುತ್ತಾರೆ. ಮೊಮ್ಮಕ್ಕಳ ಹತ್ತಿರ ಕೇಳಿ ಬರೆಸಿಕೊಳ್ಳುವುದು ನಿಂತಿದೆ. ಅವರ ಮುಖದಲ್ಲಿ ಆ ನೆಮ್ಮದಿ ನೋಡುವುದೇ ಒಂದು ಸಂತೋಷ.

ವಯಸ್ಸಾದವರ ಕೈಗೆ ಫೋನ್ ಕೊಡುವಾಗ ಒಂದು ವಿಷಯವನ್ನು ಕೂರಿಸಿ ಹೇಳಿಕೊಡಿ. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಿಲ್ಲ, ಒತ್ತಿ ಅಂತ ಯಾರಾದರೂ ಹೇಳಿದರೆ ಅದು ಮೋಸ. ದುಡ್ಡು ಹೋಗಿದ್ದೇ ಆದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕಾಲ್ ಮಾಡಬೇಕು.

ನನ್ನ ಫೋನಿಗೆ ಈಗ ಅಪ್‌ಡೇಟ್ ಬರುವುದು ನಿಂತಿದೆ, ಬೇಸರ ಇದೊಂದೇ. ಯಂತ್ರ ಚೆನ್ನಾಗಿಯೇ ಇದೆ, ಆದರೆ ಬ್ಯಾಂಕಿನ ಆ್ಯಪ್‌ಗಳು ಹಳೇ ಆಂಡ್ರಾಯ್ಡ್‌ನಲ್ಲಿ ಒಂದೊಂದಾಗಿ ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಹೊಸದು ಕೊಳ್ಳುವವರು ಕ್ಯಾಮೆರಾಗಿಂತ ಮೊದಲು ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅಂತ ಕೇಳಿ. ಕೊಂಡ ಮೇಲೆ ದಾಮಿನಿಗೂ ವಾಟ್ಸಾಪ್‌ಗೂ ಬ್ಯಾಟರಿ ಉಳಿಸುವ ಸೆಟ್ಟಿಂಗ್ ತೆಗೆದುಬಿಡಿ. ಇಲ್ಲದಿದ್ದರೆ ಸಿಡಿಲಿನ ಎಚ್ಚರಿಕೆ, ಆನೆಯ ಎಚ್ಚರಿಕೆ ಎರಡೂ ತಡವಾಗಿ ಬರುತ್ತವೆ.