ಅಮೆರಿಕದ ವೀಸಾ ಇತ್ತು, ಆದರೂ ಅಪ್ಪ-ಅಮ್ಮ ವಿಮಾನ ಹತ್ತಲಿಲ್ಲ

ತಂಗಿ ಬಾಸ್ಟನ್‌ನಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಬಾಣಂತನಕ್ಕೆ ಅಪ್ಪ-ಅಮ್ಮ ಹೋಗಬೇಕು, ಟಿಕೆಟ್ ಮಾಡುವ ಕೆಲಸ ನನ್ನದು. ಅದನ್ನು ನಾನು ಹೇಗೆ ಕೆಡಿಸಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇ. ಆದರೆ ಮಕ್ಕಳ ಮನೆಗೆ ಹೊರಟ ಎಷ್ಟೋ ಅಪ್ಪ-ಅಮ್ಮಂದಿರ ಟಿಕೆಟ್ ಮಾಡುವವರು ನನ್ನಂಥವರೇ, ರಾತ್ರಿ ಊಟ ಮುಗಿಸಿ ಫೋನು ಹಿಡಿದು ಕೂತವರು, ಅಲ್ವಾ?

ಬೆಂಗಳೂರು, ಫ್ರಾಂಕ್‌ಫರ್ಟ್, ಲಿಸ್ಬನ್, ಬಾಸ್ಟನ್. ಒಂದು ವೆಬ್‌ಸೈಟಿನಲ್ಲಿ ಈ ದಾರಿ ಸಿಕ್ಕಿತು. ಬೇರೆಯವಕ್ಕಿಂತ ಇಬ್ಬರಿಗೂ ಸೇರಿ 38 ಸಾವಿರ ಕಡಿಮೆ. ಎರಡು ಕಡೆ ಇಳಿದು ಹತ್ತಬೇಕು, ಇರಲಿ, ಅಪ್ಪ ರಿಟೈರ್ಡ್ ಮೇಷ್ಟ್ರು, ಬೋರ್ಡ್ ಓದಿಕೊಂಡು ಹೋಗುತ್ತಾರೆ ಅಂದುಕೊಂಡೆ. ವೀಸಾ ಬಗ್ಗೆಯೂ ವಿಚಾರಿಸಿದ್ದೆ. ಅಮೆರಿಕದ ವೀಸಾ ಇದ್ದರೆ ಯುರೋಪಿನಲ್ಲಿ ಟ್ರಾನ್ಸಿಟ್ ವೀಸಾ, ಅಂದರೆ ನಡುವೆ ವಿಮಾನ ಬದಲಿಸಲು ಕೇಳುವ ವೀಸಾ, ಬೇಡ ಅಂತ ಮೂರು ಜನ ಹೇಳಿದರು. ಮೂವರೂ ಸುಳ್ಳು ಹೇಳಿರಲಿಲ್ಲ. ಅರ್ಧ ಹೇಳಿದ್ದರು, ಅಷ್ಟೇ.

ಹಾವೇರಿಯಿಂದ ಬಂದಿದ್ದ ಅಮ್ಮ ಎರಡು ದಿನ ಕೂತು ಅಂಟಿನ ಉಂಡೆ ಕಟ್ಟಿದ್ದಳು. ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ಸುತ್ತಲೂ ಟೇಪು, ಅದರ ಮೇಲೆ ಅಪ್ಪನ ಹಳೆಯ ಪಂಚೆ. ರಾತ್ರಿ ಹನ್ನೆರಡಕ್ಕೆ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ಮುಟ್ಟಿದೆವು. ನನಗೆ ಒಳಗೆ ಬಿಡುವುದಿಲ್ಲ, ಹೊರಗೆ ಗಾಜಿನ ಪಕ್ಕ ನಿಂತಿದ್ದೆ. ಇಪ್ಪತ್ತು ನಿಮಿಷಕ್ಕೆ ಅಪ್ಪನ ಫೋನ್ ಬಂತು.

"ಈ ಹುಡುಗಿ ಶೆಂಗೆನ್ ವೀಸಾ ಎಲ್ಲಿ ಅಂತಾಳಪ್ಪ. ಅಮೆರಿಕದ್ದು ತೋರಿಸಿದೆ. ಅದಲ್ಲ ಅಂಕಲ್ ಅಂತಾಳ."

ಫೋನನ್ನು ಆ ಹುಡುಗಿಗೇ ಕೊಡಿಸಿದೆ. ಅವಳು ಒಳ್ಳೆಯ ಕನ್ನಡದಲ್ಲಿ, ಒಂದು ಚೂರೂ ಸಿಡುಕದೆ ಹೇಳಿದಳು: "ಸರ್, ಫ್ರಾಂಕ್‌ಫರ್ಟಿಂದ ನೇರ ಬಾಸ್ಟನ್‌ಗೆ ಹೋಗೋದಾಗಿದ್ರೆ ಇವರ ವೀಸಾ ಸಾಕಿತ್ತು. ಇವರು ಫ್ರಾಂಕ್‌ಫರ್ಟಿಂದ ಲಿಸ್ಬನ್‌ಗೆ ಹೋಗ್ತಿದ್ದಾರೆ. ಅದು ಅಲ್ಲಿಯವರ ಲೆಕ್ಕದಲ್ಲಿ ಒಳಗಿನ ಪ್ರಯಾಣ."

ಅವಳ ಆ ಒಂದು ಮಾತು ನನಗೆ ಒಂದು ತಿಂಗಳ ಮುಂಚೆ ಗೊತ್ತಿರಬೇಕಿತ್ತು. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಶೆಂಗೆನ್ ಅಂದರೆ ಯುರೋಪಿನ 29 ದೇಶಗಳ ಒಂದು ಕೂಟ. ಅವುಗಳ ನಡುವೆ ಓಡಾಡುವವರಿಗೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇಲ್ಲ. ಬೆಂಗಳೂರಿಂದ ಹುಬ್ಬಳ್ಳಿಗೆ ಹಾರಿದ ಹಾಗೆ. ಹಾಗಿದ್ದಮೇಲೆ ತಪಾಸಣೆ ಎಲ್ಲಿ ಆಗಬೇಕು? ಮೊದಲು ಕಾಲಿಟ್ಟ ಊರಲ್ಲಿ. ಅಂದರೆ ಫ್ರಾಂಕ್‌ಫರ್ಟಿನಲ್ಲಿ ಇಳಿದು ಲಿಸ್ಬನ್ ವಿಮಾನದ ಕಡೆ ನಡೆಯಬೇಕಾದರೆ ನಡುವೆ ಇಮಿಗ್ರೇಷನ್ ದಾಟಲೇಬೇಕು. ದಾಟಿದರೆ ಯುರೋಪಿನೊಳಗೆ ಬಂದ ಹಾಗೆ. ಒಳಗೆ ಬರಲು ಶೆಂಗೆನ್ ವೀಸಾ ಬೇಕು, ಲಿಸ್ಬನ್ ನಿಲ್ದಾಣದಿಂದ ಹೊರಗೆ ಬರದೆ ಎರಡು ಗಂಟೆ ಕುರ್ಚಿಯಲ್ಲಿ ಕೂರುತ್ತೇನೆ ಅಂದರೂ ಬೇಕು. ಅಮೆರಿಕದ ವೀಸಾದ ರಿಯಾಯಿತಿ ಇರುವುದು ಇಮಿಗ್ರೇಷನ್ ದಾಟದೆ ನಿಲ್ದಾಣದ ಒಳಗೇ ಇದ್ದು ಶೆಂಗೆನ್ ಆಚೆಗೆ ಹಾರುವವರಿಗೆ ಮಾತ್ರ. ಶೆಂಗೆನ್‌ನಲ್ಲಿ ಒಂದು ನಿಲುಗಡೆ ಇದ್ದರೆ ಒಂದು ಕಥೆ, ಎರಡಿದ್ದರೆ ಬೇರೆಯೇ ಕಥೆ.

ಇದರಲ್ಲಿ ಇನ್ನೊಂದು ಗೋಜಲಿದೆ. ಸ್ವಿಟ್ಜರ್ಲೆಂಡ್ ಯುರೋಪಿಯನ್ ಯೂನಿಯನ್‌ನಲ್ಲಿ ಇಲ್ಲ, ಆದರೆ ಶೆಂಗೆನ್‌ನಲ್ಲಿದೆ. ಐರ್ಲೆಂಡ್ ಯೂನಿಯನ್‌ನಲ್ಲಿದೆ, ಶೆಂಗೆನ್‌ನಲ್ಲಿಲ್ಲ. ಹಾಗಾಗಿ ಪ್ಯಾರಿಸ್-ಜೂರಿಕ್ ಅಂತ ಎರಡು ನಿಲುಗಡೆ ಕಂಡರೂ ನಮ್ಮದೇ ಪಾಡು.

ಅದು ಸಾಲದು ಅಂತ ನಾನು ಮಾಡಿದ್ದು ಎರಡು ಟಿಕೆಟ್. ಫ್ರಾಂಕ್‌ಫರ್ಟ್‌ವರೆಗೆ ಒಂದು ಕಂಪನಿ, ಅಲ್ಲಿಂದ ಮುಂದೆ ಇನ್ನೊಂದು, ಪಿಎನ್‌ಆರ್ ಬೇರೆ ಬೇರೆ. ವೆಬ್‌ಸೈಟಿನಲ್ಲಿ ಸಣ್ಣ ಅಕ್ಷರದಲ್ಲಿ "ಸೆಲ್ಫ್ ಟ್ರಾನ್ಸ್‌ಫರ್" ಅಂತ ಇತ್ತು. ಅದೇನು ಮಹಾ ಅಂತ ಟಿಕ್ ಒತ್ತಿದ್ದೆ. ಅದರ ಅರ್ಥ, ಸೂಟ್‌ಕೇಸ್ ಫ್ರಾಂಕ್‌ಫರ್ಟಿನಲ್ಲೇ ಬೆಲ್ಟ್ ಮೇಲೆ ಬರುತ್ತದೆ, ಹೊರಗೆ ಹೋಗಿ ಎತ್ತಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಅಂದರೆ ಲಿಸ್ಬನ್ ನಡುವೆ ಇಲ್ಲದಿದ್ದರೂ ಆ ಬ್ಯಾಗುಗಳಿಗಾಗಿ ವೀಸಾ ಬೇಕೇ ಆಗುತ್ತಿತ್ತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಎರಡನೇ ಕಂಪನಿಯವರು ಕೇಳುವುದೂ ಇಲ್ಲ.

ಕೌಂಟರಿನ ಹುಡುಗಿ ಮೇಲೆ ಸಿಟ್ಟು ಮಾಡಿ ಪ್ರಯೋಜನ ಇರಲಿಲ್ಲ. ಕಾಗದ ಸರಿ ಇಲ್ಲದವರನ್ನು ಕರೆದೊಯ್ದರೆ ವಿಮಾನ ಕಂಪನಿಗೆ ದಂಡ ಬೀಳುತ್ತದೆ, ವಾಪಸ್ ತರುವ ಹೊಣೆಯೂ ಅವರ ತಲೆಗೇ. ಅದಕ್ಕೇ ಅವರು ಯಾವ ದೇಶದವರಿಗೆ ಎಲ್ಲಿ ಯಾವ ಕಾಗದ ಬೇಕು ಅಂತ ಹೇಳುವ ಟಿಮ್ಯಾಟಿಕ್ ಅನ್ನೋ ಪಟ್ಟಿ ತೆಗೆದು ನೋಡುತ್ತಾರೆ. ಅದರಲ್ಲಿ ಬಿಡುವ ಹಾಗಿಲ್ಲ ಅಂತ ಬಂದರೆ ಮುಗಿಯಿತು. ಅವಳು ಮೇಲಿನವರನ್ನೂ ಕರೆದು ಕೇಳಿದಳು ಪಾಪ. ರಾತ್ರಿ ಒಂದೂ ಮುಕ್ಕಾಲಿಗೆ ಅಪ್ಪ-ಅಮ್ಮ ಟ್ರಾಲಿ ತಳ್ಳಿಕೊಂಡು ಹೊರಗೆ ಬಂದರು. ಅಪ್ಪ ಒಂದು ಮಾತೂ ಆಡಲಿಲ್ಲ. ಅಮ್ಮ ಮಾತ್ರ, "ಉಂಡಿ ಕೆಡೂದಿಲ್ಲ ಬಿಡು, ತಿಂಗಳ ಇರ್ತಾವ" ಅಂದಳು.

ಹೋದ ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಮೊದಲ ವಿಮಾನ ಹತ್ತದಿದ್ದರೆ ಆ ಟಿಕೆಟ್ಟಿನ ವಾಪಸ್ ಪ್ರಯಾಣವೂ ರದ್ದು. ಎರಡನೇ ಟಿಕೆಟ್ಟೂ ಹಾಗೇ. ಎರಡೂ ಕಡೆಯಿಂದ ತೆರಿಗೆಯ ಚಿಲ್ಲರೆ ಬಂತು, ಉಳಿದ ಒಂದೂವರೆ ಲಕ್ಷ ಹೋಯಿತು. ಕಾಗದ ನೋಡಿಕೊಳ್ಳುವುದು ಪ್ರಯಾಣಿಕರ ಜವಾಬ್ದಾರಿ, ಷರತ್ತಿಗೆ ನೀವೇ ಟಿಕ್ ಹಾಕಿದ್ದೀರಿ ಅಂತ ವೆಬ್‌ಸೈಟಿನವರು ಉತ್ತರ ಬರೆದರು. ಆ ಟಿಕ್ ನನ್ನದೇ, ಏನು ವಾದ ಮಾಡಲಿ.

ಇದು ನಮ್ಮ ಮನೆಯ ಮೊದಲ ಪಾಠವೂ ಅಲ್ಲ. 2022ರಲ್ಲಿ ಚಿಕ್ಕಪ್ಪನ ಮಗ ಡಲ್ಲಾಸ್‌ನಿಂದ ಊರಿಗೆ ಹೊರಟಿದ್ದ. ಎಚ್-1ಬಿ, ಅಂದರೆ ಅಮೆರಿಕದಲ್ಲಿ ಕೆಲಸ ಮಾಡುವ ಅನುಮತಿ, ಮುಂದುವರಿದಿದೆ ಅಂತ ಅಲ್ಲಿನ ಸರ್ಕಾರ ಕೊಡುವ ಐ-797 ಕಾಗದ ಕೈಯಲ್ಲಿತ್ತು, ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನ ಅವಧಿ ಮುಗಿದಿತ್ತು. ಜರ್ಮನಿ ದಾರಿಯ ಟಿಕೆಟ್. ಕೌಂಟರಿನಲ್ಲೇ ನಿಲ್ಲಿಸಿದರು. ಜರ್ಮನಿಯವರು ಆಗ ನೋಡುತ್ತಿದ್ದುದು ಸ್ಟಾಂಪನ್ನು, ಐ-797 ಅನ್ನಲ್ಲ. ಅವತ್ತು ನಾನು ಅವನಿಗೆ ಫೋನಿನಲ್ಲಿ ಬುದ್ಧಿ ಹೇಳಿದ್ದೆ!

ಮೆಕ್ಸಿಕೋಗೋ ಕೆನಡಾಗೋ ಅಮೆರಿಕದ ಮೂಲಕ ಹೋಗುವವರಿಗೂ ಒಂದು ಮಾತು. ಅಲ್ಲಿ ಸುಮ್ನೆ ನಿಲ್ದಾಣದೊಳಗೇ ಕೂತು ವಿಮಾನ ಬದಲಿಸುವ ಪದ್ಧತಿ ಇಲ್ಲ. ಎರಡು ಗಂಟೆಯ ನಿಲುಗಡೆಗೂ ನಮ್ಮ ಪಾಸ್‌ಪೋರ್ಟಿನವರಿಗೆ ಅಮೆರಿಕದ ವೀಸಾ ಬೇಕು. ಲಂಡನ್ನಿನ ನಿಯಮ ಇನ್ನೊಂದು ಥರ. ಬ್ರಿಟನ್ ಸರ್ಕಾರದ ಸೈಟಿನಲ್ಲಿ ಎಲ್ಲಿಯವರು, ಎಲ್ಲಿಗೆ ಅಂತ ಕೇಳಿ ಉತ್ತರ ಹೇಳುವ ಪುಟವಿದೆ, ದುಡ್ಡು ಕಟ್ಟುವ ಮುಂಚೆ ಅದನ್ನು ನೋಡಿ. ಲಂಡನ್ನಿನ ಒಂದು ನಿಲ್ದಾಣ ಹೀಥ್ರೋದಲ್ಲಿ ಇಳಿದು ಇನ್ನೊಂದು ನಿಲ್ದಾಣ ಗ್ಯಾಟ್ವಿಕ್‌ನಲ್ಲಿ ಹತ್ತುವ ಟಿಕೆಟ್‌ಗಳೂ ಮಾರಾಟಕ್ಕಿರುತ್ತವೆ. ವಯಸ್ಸಾದವರಿಗೆ ಅಂಥದ್ದನ್ನು ನಾನಂತೂ ಇನ್ನು ಮಾಡುವುದಿಲ್ಲ.

ನಾಲ್ಕು ದಿನ ಬಿಟ್ಟು ಅಬುಧಾಬಿ ದಾರಿಯಲ್ಲಿ ಒಂದೇ ಪಿಎನ್‌ಆರ್‌ನಲ್ಲಿ ಕಳಿಸಿದೆ. ಇಬ್ಬರಿಗೆ ಎರಡು ಲಕ್ಷ ದಾಟಿತು. ಅಬುಧಾಬಿಯಲ್ಲೇ ಅಮೆರಿಕದ ಇಮಿಗ್ರೇಷನ್ ಮುಗಿಸುತ್ತಾರೆ, ಬಾಸ್ಟನ್‌ನಲ್ಲಿ ಆ ಉದ್ದದ ಸಾಲು ಇಲ್ಲ. ಅದೊಂದು ಅನುಕೂಲವಾಯಿತು. ಅವರು ಮನೆ ಮುಟ್ಟುವಷ್ಟರಲ್ಲಿ ಮೊಮ್ಮಗಳಿಗೆ ಎರಡು ದಿನ ತುಂಬಿತ್ತು. ಆಸ್ಪತ್ರೆಯಲ್ಲಿ ತಂಗಿಯ ಪಕ್ಕ ಅವಳ ಗಂಡ ಒಬ್ಬನೇ ಇದ್ದ.

ಏಪ್ರಿಲ್‌ನಲ್ಲಿ ವಾಪಸ್ ಬರುತ್ತಾರೆ. ಈಗ ಪ್ರತಿ ವಾರ ಫೋನಿನಲ್ಲಿ ಅಪ್ಪನದು ಒಂದೇ ಪ್ರಶ್ನೆ: "ಟಿಕೆಟ್ ಒಂದೋ, ಎರಡೋ?"